ಕಾರ್ಖಾನೆಗೆ ತೆರಿಗೆ ಇನ್ಸ್‌ಪೆಕ್ಟರ್ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ, ವಸಂತನರಸಾಪುರದ ಸಣ್ಣ ಕಾರ್ಖಾನೆಗಳಿಗೆ ನಾನು ಲೆಕ್ಕ ಬರೆಯುತ್ತೇನೆ. ಎಕ್ಸೈಸ್ (ಕಾರ್ಖಾನೆಯಲ್ಲಿ ತಯಾರಾದ ಸರಕಿನ ಮೇಲೆ ಕೇಂದ್ರ ಹಾಕುತ್ತಿದ್ದ ಸುಂಕ) ಕಾಲದಿಂದಲೂ ಇದೇ ಕೆಲಸ. ವಾರಕ್ಕೆ ಒಬ್ಬರಾದರೂ ಫೋನ್ ಮಾಡಿ, "ಇನ್ಸ್‌ಪೆಕ್ಟರ್ ಬರ್ತಾರಂತೆ, ಏನು ಮಾಡಲಿ?" ಅಂತ ಕೇಳುತ್ತಾರೆ. ದನಿಯಲ್ಲೇ ಭಯ ಗೊತ್ತಾಗುತ್ತದೆ. ತಪ್ಪು ಮಾಡದವರೂ ಹೆದರುತ್ತಾರೆ. ಅಂಥವರಿಗಾಗಿಯೇ ಇದನ್ನು ಬರೆದಿದ್ದೇನೆ.

ಎಕ್ಸೈಸ್ ಹೋಗಿ ಜಿಎಸ್‌ಟಿ ಬಂತಲ್ವಾ? ಇನ್ನೂ ಯಾಕೆ ಇನ್ಸ್‌ಪೆಕ್ಟರ್ ಬರುತ್ತಾರೆ?

2017ರ ಜುಲೈ 1ರಂದು ಹೆಚ್ಚಿನ ವಸ್ತುಗಳ ಮೇಲಿನ ಕೇಂದ್ರ ಅಬಕಾರಿ ಸುಂಕ ಜಿಎಸ್‌ಟಿ ಒಳಗೆ ಸೇರಿತು. 1944ರ ಎಕ್ಸೈಸ್ ಕಾಯ್ದೆ ಪೂರ್ತಿ ಹೋಗಿಲ್ಲ. ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನದ ಇಂಧನಕ್ಕೆ ಇವತ್ತಿಗೂ ಅದೇ ಕಾಯ್ದೆ. ತಂಬಾಕಿಗೆ ಜಿಎಸ್‌ಟಿ ಜತೆ ಎಕ್ಸೈಸೂ ಇದೆ. ಬುಷ್ (ಮೆಷಿನ್‌ಗೆ ಹಾಕುವ ಬಳೆಯಂಥ ಲೋಹದ ಭಾಗ), ಬೋಲ್ಟ್, ಎಣ್ಣೆ ಡಬ್ಬ, ಪ್ಲಾಸ್ಟಿಕ್ ಚೀಲ ಮಾಡುವ ನಮ್ಮಂಥವರಿಗೆ ಈಗ ಜಿಎಸ್‌ಟಿ ಮಾತ್ರ.

ಮೊದಲು ಸರಕು ತಯಾರಾಯಿತು ಅಂದರೇ ಸುಂಕ ಹುಟ್ಟುತ್ತಿತ್ತು, ಗೇಟು ದಾಟುವಾಗ ಕಟ್ಟಬೇಕಿತ್ತು. ಈಗ ಮಾರಿದಾಗ ಅಥವಾ ಬೇರೆಯವರಿಗೆ ಕೊಟ್ಟಾಗ ತೆರಿಗೆ. ಕಾಯ್ದೆ ಬದಲಾದರೂ ಅಧಿಕಾರಿ ನೋಡುವುದು ಅದೇ ನಾಲ್ಕು ವಿಷಯ: ಎಷ್ಟು ಮಾಲು ಬಂತು, ಎಷ್ಟು ತಯಾರಾಯಿತು, ಎಷ್ಟು ಹೊರಗೆ ಹೋಯಿತು, ಎಷ್ಟು ಉಳಿದಿದೆ. ಹಳೆಯ ಎಕ್ಸೈಸ್ ಇಲಾಖೆಯವರೇ ಈಗ ಕೇಂದ್ರ ಜಿಎಸ್‌ಟಿ ಅಧಿಕಾರಿಗಳು. ಅವರ ಕಣ್ಣು ಬಿಲ್ಲಿಗಿಂತ ಮೊದಲು ಗೋಡೌನಿನ ಮೇಲೆ ಬೀಳುತ್ತದೆ.

ಇನ್ನೊಂದು ಮಾತು. ಎಕ್ಸೈಸ್‌ನಲ್ಲಿ ಸಣ್ಣ ಕಾರ್ಖಾನೆಗೆ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿ ತನಕ ವಿನಾಯಿತಿ ಇತ್ತು. ಈಗ ಸರಕು ಮಾರುವವರು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಬರೀ ಜಾಬ್ ವರ್ಕ್, ಅಂದರೆ ಬೇರೆಯವರ ಮಾಲಿನ ಮೇಲೆ ಕೂಲಿಗೆ ಕೆಲಸ ಮಾಡುವವರದು ಸೇವೆ, ಅವರ ಮಿತಿ 20 ಲಕ್ಷ. ಅಪ್ಪ ಅಷ್ಟು ವರ್ಷ ಲೇತ್ ನಡೆಸಿದರೂ ಇನ್ಸ್‌ಪೆಕ್ಟರ್ ಮುಖ ನೋಡಿರಲಿಲ್ಲ, ಮಗ ನೋಡುತ್ತಿದ್ದಾನೆ. ಕಾರಣ ಇದೇ.

ಅಬಕಾರಿ ಇಲಾಖೆ ಅಂದರೆ ಇದೇನಾ?

ಅಲ್ಲ. ನಮ್ಮ ಊರುಗಳಲ್ಲಿ ಅಬಕಾರಿ ಇಲಾಖೆ ಅಂದರೆ ರಾಜ್ಯದ್ದು, 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ಮತ್ತು ಸ್ಪಿರಿಟ್ ನೋಡಿಕೊಳ್ಳುವುದು. ಕುಡಿಯುವ ಮದ್ಯ ಜಿಎಸ್‌ಟಿ ಒಳಗೆ ಬಂದೇ ಇಲ್ಲ. ಸ್ಪಿರಿಟ್ ಬಳಸುವ ಔಷಧಿ, ಸುಗಂಧ, ಬಣ್ಣದ ಘಟಕ ನಿಮ್ಮದಾಗಿದ್ದರೆ ಈ ಇಲಾಖೆಯ ಜತೆಗೂ ನಿಮಗೆ ಕೆಲಸ ಇರುತ್ತದೆ. 2024ರ ಅಕ್ಟೋಬರ್ 23ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಕೈಗಾರಿಕೆಗೆ ಬಳಸುವ ಆಲ್ಕೋಹಾಲ್ ಮೇಲೂ ರಾಜ್ಯಗಳಿಗೆ ಅಧಿಕಾರ ಇದೆ ಎಂದು 8-1 ಬಹುಮತದಲ್ಲಿ ಹೇಳಿತು. ಹಾಗಾಗಿ "ನಮ್ಮದು ಕುಡಿಯುವ ಸ್ಪಿರಿಟ್ ಅಲ್ಲ" ಎಂದು ಸುಮ್ಮನೆ ಕೂರಬೇಡಿ. ಲೈಸೆನ್ಸ್ ಬಗ್ಗೆ ಜಿಲ್ಲಾ ಅಬಕಾರಿ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ನಮಗೆ ಸೆಂಟ್ರಲ್‌ನವರು ಬರುತ್ತಾರೋ ಸ್ಟೇಟ್‌ನವರು ಬರುತ್ತಾರೋ?

ಜಿಎಸ್‌ಟಿ ಪೋರ್ಟಲ್‌ಗೆ ಲಾಗಿನ್ ಆಗಿ ನಿಮ್ಮ ನೋಂದಣಿ ವಿವರ ತೆಗೆದರೆ ಯಾರ ವ್ಯಾಪ್ತಿ ಎಂದು ಕಾಣುತ್ತದೆ. ಕೇಂದ್ರದ್ದಾದರೆ ರೇಂಜ್ ಆಫೀಸು (ಕೇಂದ್ರ ಜಿಎಸ್‌ಟಿಯ ಸ್ಥಳೀಯ ಕಚೇರಿ), ರಾಜ್ಯದ್ದಾದರೆ ವಾಣಿಜ್ಯ ತೆರಿಗೆ ಇಲಾಖೆ. ಆದರೂ ಖಚಿತ ಮಾಹಿತಿ ಸಿಕ್ಕರೆ ಇಬ್ಬರಲ್ಲಿ ಯಾರು ಬೇಕಾದರೂ ತನಿಖೆಗೆ ಬರಬಹುದು. ಒಂದೇ ವಿಷಯಕ್ಕೆ ಇಬ್ಬರೂ ಕೇಸು ನಡೆಸುವಂತಿಲ್ಲ. ಅಂಥದ್ದು ಆದರೆ ಮೊದಲು ಬಂದ ನೋಟಿಸಿನ ಪ್ರತಿ ಇಟ್ಟು ಎರಡನೆಯವರಿಗೆ ಪತ್ರ ಬರೆಯಿರಿ.

ಅವರು ಮೊದಲು ಕೇಳುವ ಪುಸ್ತಕ ಯಾವುದು?

ಸ್ಟಾಕ್ ಪುಸ್ತಕ. ಬ್ಯಾಲೆನ್ಸ್ ಶೀಟ್ ಆಮೇಲೆ.

ಇಲ್ಲಿ ನನ್ನ ಒಂದು ಅನುಭವ ಹೇಳಬೇಕು. ನಾನು ಈ ಕೆಲಸಕ್ಕೆ ಸೇರಿದ ಹೊಸದು. ಆಗ ಆರ್‌ಜಿ-1 ಅಂತ ಒಂದು ದಪ್ಪ ಪುಸ್ತಕ ಇರುತ್ತಿತ್ತು. ಆ ದಿನ ತಯಾರಾದ ಮಾಲನ್ನು ಆ ದಿನವೇ ಅದರಲ್ಲಿ ಬರೆಯಬೇಕು. ಶಿವರಾತ್ರಿ ಸಮಯ, ಸಿದ್ಧಗಂಗೆ ಜಾತ್ರೆ. ಆಳುಗಳು ಅರ್ಧ ಜನ ಬಂದಿರಲಿಲ್ಲ, ಮೆಷಿನ್ ಮಾತ್ರ ನಡೆಯುತ್ತಿತ್ತು. ಮೂರು ದಿನ ನಾನು ಪುಸ್ತಕ ಬರೆಯಲಿಲ್ಲ. ಸೋಮವಾರ ಒಟ್ಟಿಗೆ ಬರೆದರಾಯಿತು ಅಂದುಕೊಂಡೆ. ಸೋಮವಾರ ಬೆಳಗ್ಗೆ ಇನ್ಸ್‌ಪೆಕ್ಟರ್ ಬಂದು ರ‍್ಯಾಕಿನ ಬುಷ್ ಎಣಿಸಿದರು. ಪುಸ್ತಕದಲ್ಲಿ ಇದ್ದದ್ದಕ್ಕಿಂತ ರ‍್ಯಾಕಿನಲ್ಲಿ ಜಾಸ್ತಿ ಇತ್ತು. ನಾವು ಒಂದು ಪೈಸೆ ಸುಂಕ ತಪ್ಪಿಸಿರಲಿಲ್ಲ. ಆದರೂ ಲೆಕ್ಕಕ್ಕೆ ಬಾರದ ಮಾಲು ಎಂದು ನೋಟಿಸ್ ಬಂತು. ನಮ್ಮ ಮಾಲೀಕರು ಕೆಲಸ ಬಿಟ್ಟು ತಿಂಗಳುಗಟ್ಟಲೆ ಆಫೀಸಿಗೆ ಅಲೆದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಆರ್‌ಜಿ-1 ಈಗಿಲ್ಲ. ಆದರೆ ಜಿಎಸ್‌ಟಿಯ 56ನೇ ನಿಯಮ ಕೇಳುವುದೂ ಅದನ್ನೇ. ಆರಂಭದ ಸ್ಟಾಕು, ಬಂದದ್ದು, ಹೋದದ್ದು, ಕಳೆದುಹೋದದ್ದು, ಹಾಳಾದದ್ದು, ಸ್ಯಾಂಪಲ್ ಆಗಿ ಕೊಟ್ಟದ್ದು, ಉಳಿದದ್ದು, ಎಲ್ಲದರ ಲೆಕ್ಕ ಇರಬೇಕು. ತಯಾರಕರಾದರೆ ತಿಂಗಳಿಗೊಂದು ಉತ್ಪಾದನೆ ಲೆಕ್ಕವೂ ಬೇಕು: ಎಷ್ಟು ಕಚ್ಚಾ ಮಾಲು ಹಾಕಿದಿರಿ, ಎಷ್ಟು ಸರಕು ಬಂತು, ಎಷ್ಟು ವೇಸ್ಟ್ ಆಯಿತು. ತುಂಬಾ ಜನ ಈ ಲೆಕ್ಕ ಇಡುವುದೇ ಇಲ್ಲ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಖರೀದಿ, ಮಾರಾಟ ಹತ್ತಿಸಿದರೆ ಸಾಕು ಅಂದುಕೊಂಡಿದ್ದಾರೆ. ಸಾಲದು.

ಒಂದು ಉದಾಹರಣೆ ನೋಡಿ. 1,000 ಕಿಲೋ ರಾಡ್ ತಂದಿರಿ. 760 ಕಿಲೋ ತೂಕದ ಬುಷ್ ತಯಾರಾಯಿತು. 225 ಕಿಲೋ ಟರ್ನಿಂಗ್ ಸ್ಕ್ರ್ಯಾಪ್ ಬಂತು. ಉಳಿದ 15 ಕಿಲೋ ಎಲ್ಲಿ? ಕತ್ತರಿಸುವಾಗ ಪುಡಿಯಾಗಿ ಹೋಗಿದ್ದು, ತೂಕದ ವ್ಯತ್ಯಾಸ. ಪ್ರತಿ ಬ್ಯಾಚಿಗೂ ಹೀಗೆ ಬರೆದಿದ್ದರೆ ಆ 15 ಕಿಲೋವನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಬರೆಯದೆ, ಸ್ಕ್ರ್ಯಾಪನ್ನು ಗುಜರಿಯವನಿಗೆ ಬಿಲ್ ಇಲ್ಲದೆ ಕೊಟ್ಟಿದ್ದರೆ ಲೆಕ್ಕದಲ್ಲಿ 240 ಕಿಲೋ ಕಾಣೆ. ಅಧಿಕಾರಿ ಅದನ್ನು 240 ಕಿಲೋ ಬುಷ್ ಎಂದು ಓದಿದರೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಾನು ನೋಡಿದ ಗಲಾಟೆಗಳಲ್ಲಿ ಅರ್ಧಕ್ಕರ್ಧ ಸ್ಕ್ರ್ಯಾಪಿನಿಂದಲೇ ಶುರುವಾದವು. ಸ್ಕ್ರ್ಯಾಪಿಗೂ ಬಿಲ್ ಹಾಕಿ. ವೇ ಬ್ರಿಡ್ಜ್ ಚೀಟಿಯನ್ನು ಆ ಬಿಲ್ಲಿಗೇ ಪಿನ್ ಮಾಡಿ.

ಪುಸ್ತಕ ಕಂಪ್ಯೂಟರಿನಲ್ಲೇ ಇರಬೇಕೆಂದಿಲ್ಲ. ಸೂಪರ್‌ವೈಸರ್ ಕೈಯಲ್ಲಿ ಒಂದು ನೋಟ್‌ಬುಕ್ ಕೊಡಿ. ಶಿಫ್ಟ್ ಮುಗಿದ ಮೇಲೆ ಎಣಿಸಿ ಬರೆಯಲಿ, ಸಹಿ ಹಾಕಲಿ. ಆಫೀಸಿನವರು ಮರುದಿನ ಅದನ್ನು ನೋಡಿ ಕಂಪ್ಯೂಟರಿಗೆ ಹತ್ತಿಸಲಿ. ಕಾಂಪೊಸಿಷನ್‌ನಲ್ಲಿ (ಸಣ್ಣವರು ವಹಿವಾಟಿನ ಮೇಲೆ ಇಂತಿಷ್ಟು ಎಂದು ತೆರಿಗೆ ಕಟ್ಟುವ ಯೋಜನೆ) ಇರುವವರಿಗೆ ಈ ಸ್ಟಾಕ್ ಲೆಕ್ಕದ ನಿಯಮ ಕಡ್ಡಾಯವಲ್ಲ. ಇಟ್ಟರೆ ನಿಮಗೇ ಒಳ್ಳೆಯದು.

ಕರೆಂಟ್ ಬಿಲ್ ಯಾಕೆ ಕೇಳುತ್ತಾರೆ?

ಯೂನಿಟ್ಟಿಗೆ ಎಷ್ಟು ಮಾಲು ತಯಾರಾಗುತ್ತದೆ ಎಂದು ಅಂದಾಜು ಮಾಡಲು. ಬೆಸ್ಕಾಂ ಬಿಲ್ ಏರಿ, ಉತ್ಪಾದನೆ ಇಳಿದಿದ್ದರೆ ಅವರಿಗೆ ಅನುಮಾನ ಬರುತ್ತದೆ. ಅದು ಸಹಜ. ಆದರೆ ಬರೀ ಕರೆಂಟ್ ಲೆಕ್ಕದ ಮೇಲೆ ಕದ್ದು ಮಾಲು ತಯಾರಿಸಿದ್ದಾರೆ ಎಂದು ತೀರ್ಮಾನ ಮಾಡುವಂತಿಲ್ಲ. ಎಕ್ಸೈಸ್ ಕಾಲದ ಆರ್.ಎ. ಕಾಸ್ಟಿಂಗ್ಸ್ ಪ್ರಕರಣದಲ್ಲಿ ಟ್ರಿಬ್ಯೂನಲ್ ಹೀಗೇ ಹೇಳಿತ್ತು, ಅಲಹಾಬಾದ್ ಹೈಕೋರ್ಟ್ ಅದನ್ನು ಒಪ್ಪಿತು. ಬೇರೆ ಸಾಕ್ಷಿ ಬೇಕು. ಮೋಟಾರು ಸುಟ್ಟಿದ್ದು, ಹಳೆಯ ಕಂಪ್ರೆಸರ್, ರಿಜೆಕ್ಟ್ ಆಗಿ ಮತ್ತೆ ಮಾಡಿದ ಮಾಲು, ಹೊಸ ಮೆಷಿನ್ ಟ್ರಯಲ್, ಇವನ್ನೆಲ್ಲ ದಿನಾಂಕ ಹಾಕಿ ಬರೆದಿಡಿ. ಜನರೇಟರ್ ಡೀಸೆಲ್ ಲೆಕ್ಕವನ್ನೂ ಇಡಿ.

ಪೀಣ್ಯಕ್ಕೆ ಪ್ಲೇಟಿಂಗ್‌ಗೆ (ಲೋಹದ ಲೇಪನಕ್ಕೆ) ಮಾಲು ಕಳಿಸುತ್ತೇವೆ. ಅದಕ್ಕೂ ಕಾಗದ ಬೇಕಾ?

ಬೇಕೇ ಬೇಕು. ಹಳಬರು ಇದನ್ನು ಈಗಲೂ "57 ಎಫ್ 4 ಚಲನ್" ಅನ್ನುತ್ತಾರೆ. ಅದು ಹಳೆಯ ಎಕ್ಸೈಸ್ ನಿಯಮದ ನಂಬರು. ಈಗ ಇರುವುದು ಡೆಲಿವರಿ ಚಲನ್, ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್. ತೆರಿಗೆ ಕಟ್ಟದೆ ಮಾಲು ಕಳಿಸಬಹುದು. ಆದರೆ ಕಚ್ಚಾ ಮಾಲು ಒಂದು ವರ್ಷದೊಳಗೆ, ಮೆಷಿನ್ ಮೂರು ವರ್ಷದೊಳಗೆ ವಾಪಸ್ ಬರಬೇಕು. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್‌ಗಳಿಗೆ ಈ ಗಡುವಿಲ್ಲ. ವರ್ಷ ದಾಟಿದರೆ ಕಳಿಸಿದ ದಿನವೇ ಮಾರಿದಿರಿ ಎಂದು ಲೆಕ್ಕ, ಬಡ್ಡಿಯೂ ಸೇರುತ್ತದೆ.

ಜಾಬ್ ವರ್ಕ್ ಲೆಕ್ಕವನ್ನು ಐಟಿಸಿ-04 ಎಂಬ ಫಾರಂನಲ್ಲಿ ತುಂಬಬೇಕು. ವಹಿವಾಟು 5 ಕೋಟಿ ದಾಟಿದವರು ಆರು ತಿಂಗಳಿಗೊಮ್ಮೆ, ಉಳಿದವರು ವರ್ಷಕ್ಕೊಮ್ಮೆ. ಇದನ್ನು ಮರೆಯುವವರೇ ಜಾಸ್ತಿ.

ಕೋಲಾರ, ಮಾಲೂರಿನವರು ಇದನ್ನು ಗಮನವಿಟ್ಟು ಓದಿ. ಸಾಮಾನ್ಯವಾಗಿ ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ) ಬೇಕು. ಆದರೆ ಜಾಬ್ ವರ್ಕಿಗೆ ಬೇರೆ ರಾಜ್ಯಕ್ಕೆ ಕಳಿಸುವಾಗ ಬೆಲೆ ಎಷ್ಟೇ ಇರಲಿ, ಇ-ವೇ ಬಿಲ್ ಬೇಕು. ಹೊಸೂರು ಪಕ್ಕದ ಊರಿನ ಹಾಗೆ ಕಂಡರೂ ತಮಿಳುನಾಡು. 8,000 ರೂಪಾಯಿ ಮಾಲನ್ನು ಆಟೋದಲ್ಲಿ ಕಳಿಸಿದರೂ ಬಿಲ್ ಮಾಡಿ. ರಸ್ತೆಯಲ್ಲಿ ಗಾಡಿ ಹಿಡಿದರೆ ತೆರಿಗೆಯ ಎರಡು ಪಟ್ಟು ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾಗುತ್ತದೆ.

ಪಕ್ಕದ ಶೆಡ್ ಬಾಡಿಗೆಗೆ ತಗೊಂಡು ಮಾಲು ಇಟ್ಟಿದ್ದೇವೆ. ತೊಂದರೆ ಇದೆಯಾ?

ನೋಂದಣಿಯಲ್ಲಿ ಆ ಶೆಡ್ ಸೇರಿಸಿದ್ದರೆ ಇಲ್ಲ. ಸೇರಿಸದಿದ್ದರೆ ಇವತ್ತೇ ಸೇರಿಸಿ. ತೋರಿಸದ ಜಾಗದಲ್ಲಿ ಸಿಕ್ಕ ಮಾಲನ್ನು ತೋರಿಸದ ಮಾಲು ಎಂದೇ ನೋಡುತ್ತಾರೆ. ಬಾಗಿಲ ಬೋರ್ಡಿನ ಮೇಲೆ ಜಿಎಸ್‌ಟಿ ನಂಬರ್ ಬರೆಸಿ, ನೋಂದಣಿ ಪತ್ರವನ್ನು ಒಳಗೆ ಕಾಣುವ ಹಾಗೆ ತೂಗುಹಾಕಿ. ಎರಡೂ ಕಡ್ಡಾಯ.

ದಿಢೀರ್ ಅಂತ ಗೇಟಿಗೆ ಬಂದರೆ ಏನು ಮಾಡಬೇಕು?

ಮೊದಲು ಗೇಟು ತೆಗೆಯಿರಿ. ಗೇಟು ಹಾಕಿಕೊಂಡು ವಕೀಲರಿಗೆ ಫೋನ್ ಮಾಡುತ್ತಾ ಕೂರಬೇಡಿ. ಕುರ್ಚಿ ಕೊಡಿ, ನೀರು ಕೊಡಿ. ಆಮೇಲೆ ಗುರುತಿನ ಚೀಟಿ ನೋಡಬಹುದಾ ಎಂದು ಗೌರವದಿಂದ ಕೇಳಿ. ಒಳ್ಳೆಯ ಅಧಿಕಾರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು, ಯಾವ ಅಧಿಕಾರದ ಮೇಲೆ ಬಂದಿದ್ದಾರೆ ಎಂದು ತಿಳಿದುಕೊಳ್ಳಿ. ತಪಾಸಣೆ ಅಥವಾ ಶೋಧನೆ ಆದರೆ 67ನೇ ಸೆಕ್ಷನ್. ಅದಕ್ಕೆ ಜಾಯಿಂಟ್ ಕಮಿಷನರ್ ಅಥವಾ ಅವರಿಗಿಂತ ಮೇಲಿನವರು ಕೊಟ್ಟ ಲಿಖಿತ ಅನುಮತಿ ಬೇಕು. ಆ ಫಾರಂ ಹೆಸರು ಐಎನ್‌ಎಸ್-01. ಅದರಲ್ಲಿ ನಿಮ್ಮದೇ ಹೆಸರು, ನಿಮ್ಮದೇ ವಿಳಾಸ ಇದೆಯಾ ಓದಿ. ಕೇಂದ್ರದವರ ಪತ್ರಗಳಲ್ಲಿ 2019ರ ನವೆಂಬರ್ 8ರಿಂದ ಡಿಐಎನ್ ಎಂಬ ನಂಬರ್ ಇರುತ್ತದೆ. ಅದನ್ನು ಅವರ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಪತ್ರ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಪೋರ್ಟಲ್ ಮೂಲಕ ಬಂದದ್ದಕ್ಕೆ ಆರ್‌ಎಫ್‌ಎನ್ ನಂಬರ್ ಇರುತ್ತದೆ. ನಕಲಿ ಅಧಿಕಾರಿಗಳ ಕಾಟ ಇರುವ ಕಾಲ ಇದು. ಸಂಕೋಚ ಬೇಡ, ನೋಡಿ.

ಶೋಧನೆ ಆದರೆ ಸಾಕ್ಷಿಗಳ ಮುಂದೆ ನಡೆಯಬೇಕು, ಪಂಚನಾಮೆ ಬರೆಯಬೇಕು. ನಿಮ್ಮ ಕಡೆಯಿಂದ ಒಬ್ಬರೇ ಉತ್ತರ ಕೊಡಿ. ಐದು ಜನ ಐದು ಮಾತು ಆಡಿದರೆ ಸತ್ಯವೂ ಸುಳ್ಳಿನ ಹಾಗೆ ಕಾಣುತ್ತದೆ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸಾರ್, ಪುಸ್ತಕ ನೋಡಿ ಹೇಳುತ್ತೇನೆ" ಅನ್ನಿ. ಎಣಿಸುವಾಗ ಜತೆಗೆ ನಿಂತು ನೀವೂ ಎಣಿಸಿ. ಅಂದಾಜು ತೂಕ ಬರೆಯಲು ಹೊರಟರೆ ತಕ್ಕಡಿಯಲ್ಲಿ ತೂಗಿ ಎಂದು ಕೇಳಿಕೊಳ್ಳಿ. ರಾಶಿ ನೋಡಿ "ಒಂದು ಎರಡು ಟನ್ ಇರಬಹುದು" ಎಂದು ಬರೆದದ್ದು ಆಮೇಲೆ ಎರಡು ಟನ್ನೇ ಆಗಿಬಿಡುತ್ತದೆ.

ಹೇಳಿಕೆಗೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ. ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ, ಹಾಗೆ ಓದಿ ಹೇಳಿದರು ಎಂಬುದನ್ನೂ ಬರೆಸಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. ತೆಗೆದುಕೊಂಡು ಹೋಗುವ ಪುಸ್ತಕಗಳ ಪಟ್ಟಿ ಕೇಳಿ, ಜೆರಾಕ್ಸ್ ತೆಗೆದುಕೊಳ್ಳುವ ಹಕ್ಕು ನಿಮಗಿದೆ.

ಈಗಲೇ ದುಡ್ಡು ಕಟ್ಟಿ ಅಂದರೆ?

ಶೋಧನೆ ನಡೆಯುವಾಗ ಬಲವಂತದಿಂದ ತೆರಿಗೆ ವಸೂಲಿ ಮಾಡಬಾರದು ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯೇ 2022ರ ಮೇ 25ರಂದು ತನ್ನ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದೆ. ತೆರಿಗೆ ಕೇಳಲು ನೋಟಿಸ್, ನಿಮ್ಮ ಉತ್ತರ, ಆದೇಶ ಎಂಬ ದಾರಿ ಇದೆ. ನೀವಾಗಿಯೇ ಕಟ್ಟಬೇಕೆಂದರೆ ಡಿಆರ್‌ಸಿ-03 ಎಂಬ ಫಾರಂನಲ್ಲಿ ಕಟ್ಟಬಹುದು. ರಾತ್ರಿ ಹತ್ತು ಗಂಟೆಗೆ ಹೆದರಿಕೊಂಡು ಕಟ್ಟಬೇಡಿ. ಮಲಗಿ ಎದ್ದು, ಲೆಕ್ಕ ನೋಡಿ, ತಿಳಿದವರನ್ನು ಕೇಳಿ.

ಹಾಗಂತ ತಪ್ಪು ನಿಮ್ಮದೇ ಎಂದು ಗೊತ್ತಾದ ಮೇಲೂ ಎಳೆದಾಡಬೇಡಿ. 2024-25ನೇ ಸಾಲಿನಿಂದ 74ಎ ಸೆಕ್ಷನ್ ಬಂದಿದೆ. ಮೋಸ ಇಲ್ಲದ ತಪ್ಪಾದರೆ, ನೋಟಿಸ್ ಬಂದು 60 ದಿನದೊಳಗೆ ತೆರಿಗೆ, ಬಡ್ಡಿ ಕಟ್ಟಿದರೂ ದಂಡ ಇಲ್ಲ. ತಡ ಮಾಡಿದರೆ ತೆರಿಗೆಯ ಶೇ. 10 ಅಥವಾ 10,000 ರೂಪಾಯಿ, ಯಾವುದು ಜಾಸ್ತಿಯೋ ಅದು. ಮೋಸ ಎಂದು ಸಾಬೀತಾದರೆ ದಂಡ ತೆರಿಗೆಯಷ್ಟೇ ಆಗುತ್ತದೆ.

ಕೈಬಿಸಿ ಮಾಡಿದರೆ ಬೇಗ ಮುಗಿಯುತ್ತದೆ ಅನ್ನುತ್ತಾರೆ. ನಿಜಾನಾ?

ಮುಗಿಯುವುದಿಲ್ಲ. ಒಮ್ಮೆ ಕೊಟ್ಟ ಗೇಟಿಗೆ ಮತ್ತೆ ಮತ್ತೆ ಬರುತ್ತಾರೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ರಾಜ್ಯದ ನೌಕರರಾದರೆ ಲೋಕಾಯುಕ್ತ, ಕೇಂದ್ರದವರಾದರೆ ಸಿಬಿಐ. ನಾನು ಕಂಡ ಅಧಿಕಾರಿಗಳಲ್ಲಿ ಪುಸ್ತಕ ಸರಿ ಇದೆ ಎಂದು ನೋಡಿ, ನಮಸ್ಕಾರ ಹೇಳಿ ಹೋದವರು ಬಹಳ ಜನ ಇದ್ದಾರೆ. ಅವರನ್ನೂ ಅದೇ ತಕ್ಕಡಿಯಲ್ಲಿ ಹಾಕಬೇಡಿ.

ಆಡಿಟ್ ಅಂತ ಪತ್ರ ಬಂದಿದೆ. ಇದೂ ರೇಡೇನಾ?

ಅಲ್ಲ. ಆಡಿಟ್ 65ನೇ ಸೆಕ್ಷನ್. ಎಡಿಟಿ-01 ನೋಟಿಸ್ ಕನಿಷ್ಠ 15 ಕೆಲಸದ ದಿನ ಮೊದಲೇ ಕೊಡಬೇಕು. ಶುರುವಾದ ಮೇಲೆ 3 ತಿಂಗಳಲ್ಲಿ ಮುಗಿಸಬೇಕು. ಕಮಿಷನರ್ ಕಾರಣ ಬರೆದು ಇನ್ನೂ 6 ತಿಂಗಳ ತನಕ ಹೆಚ್ಚಿಸಬಹುದು. ಮುಗಿದ 30 ದಿನದೊಳಗೆ ಏನು ಕಂಡಿತು ಎಂದು ತಿಳಿಸಬೇಕು.

ಆ 15 ದಿನವನ್ನು ಚೆನ್ನಾಗಿ ಬಳಸಿ. ರಿಟರ್ನಿನ ಮಾರಾಟಕ್ಕೂ ಬ್ಯಾಲೆನ್ಸ್ ಶೀಟಿನ ಮಾರಾಟಕ್ಕೂ ವ್ಯತ್ಯಾಸ ಇದ್ದರೆ ಕಾರಣ ಒಂದು ಹಾಳೆಯಲ್ಲಿ ಬರೆದಿಡಿ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟನ್ನೂ ತೆಗೆದು ನೋಡಿ. ಸಾಲ ಜಾಸ್ತಿ ಸಿಗಲಿ ಎಂದು ಬ್ಯಾಂಕಿಗೆ ಹೆಚ್ಚು ಸ್ಟಾಕ್ ತೋರಿಸಿ, ಪುಸ್ತಕದಲ್ಲಿ ಕಡಿಮೆ ಬರೆಯುವ ಅಭ್ಯಾಸ ಕೆಲವರಿಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಉತ್ತರ ಕೊಡುವುದು ಬಹಳ ಕಷ್ಟ. ದಯವಿಟ್ಟು ಈ ಅಭ್ಯಾಸ ಬಿಡಿ.

ನೋಟಿಸ್ ಬಂದದ್ದೇ ಗೊತ್ತಾಗಲಿಲ್ಲ. ಈಗೇನು ಮಾಡುವುದು?

ಇದು ವಾರವಾರವೂ ಕೇಳುವ ಮಾತು. ನೋಟಿಸ್ ಪೋರ್ಟಲ್‌ನಲ್ಲಿ ಕೂತಿರುತ್ತದೆ, ಅಂಚೆಯಣ್ಣ ತರುವುದಿಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ನೋಂದಣಿಗೆ ಕೊಟ್ಟ ಮೊಬೈಲು, ಇಮೇಲ್ ಹಿಂದಿನ ಲೆಕ್ಕಿಗರದ್ದು. ಅವರು ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. ಮಾಲೀಕರ ನಂಬರ್ ಹಾಕಿಸಿ. ವಾರಕ್ಕೊಮ್ಮೆ ಲಾಗಿನ್ ಆಗಿ ನೋಟಿಸ್ ಜಾಗವನ್ನೂ, ಹೆಚ್ಚುವರಿ ನೋಟಿಸ್ ಜಾಗವನ್ನೂ ತೆಗೆದು ನೋಡಿ. ರಿಟರ್ನ್ ಪರಿಶೀಲನೆಯ ಎಎಸ್‌ಎಂಟಿ-10 ಬಂದಿದ್ದರೆ ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು. ಆದೇಶವೇ ಆಗಿಬಿಟ್ಟಿದ್ದರೆ ಮೇಲ್ಮನವಿಗೆ 3 ತಿಂಗಳು ಸಮಯ, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ವಿವಾದದ ತೆರಿಗೆಯ ಶೇ. 10 ಮೊದಲೇ ಕಟ್ಟಬೇಕು.

ಪುಸ್ತಕಗಳನ್ನು ಎಷ್ಟು ವರ್ಷ ಇಡಬೇಕು? ಅಟ್ಟದ ಮೇಲಿನ ಹಳೆಯ ಆರ್‌ಜಿ-1 ಎಸೆಯಬಹುದಾ?

ಜಿಎಸ್‌ಟಿ ಪುಸ್ತಕಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು. 2023-24ರ ರಿಟರ್ನಿಗೆ 2024ರ ಡಿಸೆಂಬರ್ 31 ಕೊನೆಯ ದಿನ. ಹಾಗಾಗಿ ಆ ಸಾಲಿನದು 2030ರ ಡಿಸೆಂಬರ್ 31ರ ತನಕ ಇರಲಿ. ಕೇಸು ನಡೆಯುತ್ತಿದ್ದರೆ ಅದು ಮುಗಿದು ಒಂದು ವರ್ಷದ ತನಕವೂ ಇಡಬೇಕು.

ಎಕ್ಸೈಸ್ ಕಾಲದ ಕೇಸುಗಳು 2017ಕ್ಕೇ ಮುಗಿದಿಲ್ಲ. ಹಳೆಯ ಕಾಯ್ದೆಯಡಿ ಶುರುವಾದದ್ದು ಹಳೆಯ ಕಾಯ್ದೆಯಡಿಯೇ ನಡೆಯುತ್ತದೆ. ಹಳೆಯ ವಿವಾದ ಮುಗಿಸಿಕೊಳ್ಳಲು 2019ರಲ್ಲಿ ಸಬ್ಕಾ ವಿಶ್ವಾಸ್ ಯೋಜನೆ ಬಂದಿತ್ತು. ಅದರಲ್ಲಿ ಮುಗಿಸಿಕೊಂಡವರು ಆ ಡಿಸ್ಚಾರ್ಜ್ ಸರ್ಟಿಫಿಕೇಟನ್ನು ಜೋಪಾನ ಮಾಡಿ. ನಿಮ್ಮದು ಇನ್ನೂ ಬೆಂಗಳೂರಿನ ಎಕ್ಸೈಸ್ ಟ್ರಿಬ್ಯೂನಲ್‌ನಲ್ಲಿ ಇದ್ದರೆ ಆರ್‌ಜಿ-1, ಚಲನ್, ಗೇಟ್ ಪಾಸ್ ಯಾವುದನ್ನೂ ಎಸೆಯಬೇಡಿ. ಅಟ್ಟದಲ್ಲಿ ಗೆದ್ದಲು ಹಿಡಿಯುತ್ತದೆ. ಕೆಳಗಿಳಿಸಿ, ಸ್ಕ್ಯಾನ್ ಮಾಡಿಸಿ, ಕಬ್ಬಿಣದ ಬೀರುವಿನಲ್ಲಿ ಇಡಿ.